ಗುಂಡು ತೂತು, ಉದ್ದ ತೂತು

ನಮ್ಮಪ್ಪ ಜೀವಮಾನವೆಲ್ಲ ಮಾಡಿದ್ದು ತೂತು ಹಾಕುವ ಕೆಲಸ. ಹೀಗೆಂದರೆ ಕೇಳಿದವರು ನಗುತ್ತಾರೆ, ನಗಲಿ. ಊರಾಚೆಯ ಶೆಡ್ಡಿನಲ್ಲಿ ಕಬ್ಬಿಣದ ತೊಲೆಗಳ ತುದಿಗೆ ಚಾಕ್‌ಪೀಸಿನಿಂದ ಗೆರೆ ಎಳೆದು, ಪಂಚ್ ಇಟ್ಟು ಸುತ್ತಿಗೆಯಿಂದ ಚುಕ್ಕೆ ಹೊಡೆದು, ಆ ಚುಕ್ಕೆಯ ಮೇಲೆ ಡ್ರಿಲ್ ಇಳಿಸುವುದು. ಬೋಲ್ಟಿಗಿಂತ ತೂತು ಕೂದಲೆಳೆಯಷ್ಟೇ ದೊಡ್ಡದಿರಬೇಕು ಅನ್ನುವುದು ಅವನ ಹಠ. ಶೆಡ್ಡಿನವರು ಅವನನ್ನು ‘ಕೂದಲೆಳೆ’ ಎಂದೇ ಕರೆಯುತ್ತಿದ್ದರು. ಅದು ತಮಾಷೆಗೆ ಇಟ್ಟ ಹೆಸರೆಂದು ಅಪ್ಪನಿಗೆ ಎಂದೂ ಅನಿಸಲಿಲ್ಲ, ಬಿರುದೆಂದೇ ತಿಳಿದಿದ್ದ.

ಇಂಥವನು ನನಗೆ ಹುಡುಕಿದ ಗಂಡು ಯಾರು ಅಂತೀರಿ? ಅದೇ ತೊಲೆಗಳನ್ನು ಕಟ್ಟಡದ ಮೇಲೆ ಕೂರಿಸುವವರು. ಶೆಡ್ಡಿನಲ್ಲಿ ಮಲಗಿಸಿದ ತೊಲೆ ಹೇಳಿದ ಮಾತು ಕೇಳುತ್ತದೆ. ಕ್ರೇನಿನಲ್ಲಿ ನೇತಾಡುವ ತೊಲೆ ಜಪ್ಪಯ್ಯ ಅಂದರೂ ಕೇಳುವುದಿಲ್ಲ. ಬಿಸಿಲಿಗೆ ಹಿಗ್ಗಿರುತ್ತದೆ, ಕಂಬ ಒಂಚೂರು ವಾಲಿರುತ್ತದೆ, ತೊಲೆಯ ತೂತೂ ಕಂಬದ ತೂತೂ ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೆಂದೇ ಒಂದು ತುದಿಯಲ್ಲಿ ಉದ್ದನೆಯ ತೂತು ಕೊಡುವುದುಂಟು. ಬೋಲ್ಟಿಗೆ ಅತ್ತಿತ್ತ ಸರಿಯಲು ಜಾಗ ಸಿಗುತ್ತದೆ. ಎಷ್ಟೋ ತೊಲೆಗಳಿಗೆ ಗುಂಡು ತೂತು, ಉದ್ದ ತೂತು ಎರಡರಲ್ಲಿ ಯಾವುದಾದರೂ ಆದೀತೆಂದು ಡ್ರಾಯಿಂಗಿನಲ್ಲೇ ಬರೆದಿರುತ್ತಿತ್ತು. ಅಪ್ಪ ಮಾತ್ರ ಗುಂಡು ತೂತೇ ಹಾಕುತ್ತಿದ್ದ.

ಒಮ್ಮೆ ಊಟಕ್ಕೆ ಕೂತಾಗ ನಮ್ಮವರು ಸಂಕೋಚದಿಂದಲೇ ಈ ಮಾತು ತೆಗೆದರು. ಉದ್ದ ತೂತು ಕೇಳುವವರಿಗೆ ಕೆಲಸ ಬರುವುದಿಲ್ಲ ಎಂದು ಅರ್ಥ, ಅಂದುಬಿಟ್ಟ ಅಪ್ಪ. ನಮ್ಮವರು ಉಂಡು ಎದ್ದರು.

ಅದಾಗಿ ಸ್ವಲ್ಪ ದಿನಕ್ಕೆ, ಅಪ್ಪ ತೂತು ಹಾಕಿದ್ದ ತೊಲೆಯೊಂದನ್ನು ಕೂರಿಸುವಾಗ, ಕೂಡದ ಎರಡು ತೂತುಗಳು ಎಷ್ಟು ತಪ್ಪಿವೆ ಎಂದು ತಿಳಿಯಲು ನಮ್ಮವರು ಅವುಗಳೊಳಗೆ ಬೆರಳು ತೂರಿಸಿದರು. ಯಾರೂ ಮಾಡಬಾರದ ಕೆಲಸ, ಎಲ್ಲರೂ ಮಾಡುವ ಕೆಲಸ. ತೊಲೆ ಜಗ್ಗಿತು. ಎಡಗೈ ತೋರುಬೆರಳಿನ ತುದಿ ಹೋಯಿತು.

ಅಪ್ಪ ಆಸ್ಪತ್ರೆಗೆ ಬಂದ. ಬಾಗಿಲಲ್ಲೇ ನಿಂತು, ಡಾಕ್ಟರು ಏನೆಂದರು ಎಂದು ನನ್ನನ್ನು ಕೇಳಿ ಹೊರಟುಹೋದ. ಆಮೇಲೂ ಮನೆಗೆ ಬಂದರೆ ಅಳಿಯನ ಮುಖ ನೋಡುವನೇ ಹೊರತು ಕೈ ನೋಡುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಶೆಡ್ಡಿನಿಂದ ಬರುವ ತೊಲೆಗಳಿಗೆಲ್ಲ ಒಂದು ತುದಿಯಲ್ಲಿ ಉದ್ದ ತೂತು ಬರತೊಡಗಿತು. ಬಾಯಿಬಿಟ್ಟು ಹೇಳಲಾರದ್ದನ್ನು ಅಪ್ಪ ಕಬ್ಬಿಣದಲ್ಲಿ ಕೊರೆಯುತ್ತಿದ್ದ. ನಮ್ಮವರಿಗೂ ಅದು ಗೊತ್ತಾಗಿತ್ತು.

ಎಡವಟ್ಟಾದದ್ದು ಅಲ್ಲೇ. ದೊಡ್ಡ ಸಭಾಂಗಣವೊಂದರ ಕೆಲಸ ಬಂತು. ಅದರ ಎರಡು ಸಾಲು ಕಂಬಗಳು ಹೊರಕ್ಕೆ ವಾಲದಂತೆ ಸೆಳೆದು ಹಿಡಿಯುವ ತೊಲೆಗಳಿಗೆ ಗುಂಡು ತೂತೇ ಆಗಬೇಕು. ಬೋಲ್ಟು ಜಾರಿದರೆ ಆ ತೊಲೆ ಇದ್ದೂ ಇಲ್ಲದಂತೆ. ಡ್ರಾಯಿಂಗಿನಲ್ಲಿ ಹಾಗೆಂದು ಸ್ಪಷ್ಟವಾಗಿಯೇ ಇತ್ತು. ಅಪ್ಪ ಸರಿಯಾಗಿ ನೋಡಲಿಲ್ಲ. ಅಳಿಯನ ಕೈಯೊಂದೇ ತಲೆಯಲ್ಲಿ ಕೂತಿತ್ತು. ಅವಕ್ಕೂ ಉದ್ದ ತೂತು ಹಾಕಿದ.

ಮೊದಲ ತೊಲೆ ಎತ್ತುವಾಗಲೇ ನಮ್ಮವರ ಕಣ್ಣಿಗೆ ಬಿತ್ತು. ಕ್ರೇನ್ ನಿಲ್ಲಿಸಿ, ಬೇರೆ ಯಾರಿಗೂ ಹೇಳುವ ಮೊದಲು ಅಪ್ಪನಿಗೆ ಫೋನ್ ಮಾಡಿದರು. ತಿರುಗಿ ಬಂದ ಮಾಲಿಗೆ ಕೆಂಪು ಬಣ್ಣ ಬಳಿದು ಶೆಡ್ಡಿನ ಬಾಗಿಲಲ್ಲೇ ಇಡುವುದು ಅಲ್ಲಿನ ರೂಢಿ. ಅದರ ತೂತಿಗೆ ಗುರುತು ಹಾಕಿದವನು ಮತ್ತೆ ಪಂಚು ಮುಟ್ಟುವಂತಿಲ್ಲ.

"ದೊಡ್ಡ ವಾಷರ್ ಹಾಕಿ ಮುಚ್ಚಿಬಿಡಿ, ಅಳಿಯಂದ್ರೇ. ಯಾರಿಗೂ ಕಾಣಲ್ಲ," ಎಂದನಂತೆ ಅಪ್ಪ. ಕೂದಲೆಳೆ ಬಾಯಲ್ಲಿ ಈ ಮಾತು. ಆಗಲ್ಲ ಮಾವ, ಎಂದರಂತೆ ನಮ್ಮವರು.

ಸಂಜೆ ಮನೆಗೆ ಬಂದ ನಮ್ಮವರು, ಬೆಳಿಗ್ಗೆ ಇಂಜಿನಿಯರಿಗೆ ಹೇಳಲೇಬೇಕು ಎಂದರು. ನಾನು ಕೂಗಾಡಿದೆ. ಬೆರಳಿನ ಸೇಡು ತೀರಿಸಿಕೊಳ್ಳುತ್ತಿದ್ದೀರಾ ಎಂದೂ ಕೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು.

"ನನಗೋಸ್ಕರಾನೇ ಹಾಗೆ ಮಾಡಿದ್ದಾರೆ, ಗೊತ್ತು ಕಣೇ. ಆದ್ರೆ ಆ ಛಾವಣಿ ಕೆಳಗೆ ಜನ ಕೂರ್ತಾರೆ."

ನಾನು ಮುಖ ಊದಿಸಿಕೊಂಡು ಒಳಗೆ ಹೋದೆ.

ಬೆಳಿಗ್ಗೆ ನಮ್ಮವರು ಇಂಜಿನಿಯರ ಹತ್ತಿರ ಹೋಗುವಷ್ಟರಲ್ಲಿ ಅವರಿಗೆ ಸುದ್ದಿ ಮುಟ್ಟಿತ್ತು. ಶೆಡ್ಡಿನ ಬಾಗಿಲು ತೆರೆಯುವ ಹೊತ್ತಿಗೇ ಅಪ್ಪ ಮಾಲೀಕರ ಮುಂದೆ ನಿಂತು ಎಲ್ಲ ಹೇಳಿದ್ದ. ತೊಲೆಗಳು ವಾಪಸು ಬಂದಾಗ ಕೆಂಪು ಬಣ್ಣವನ್ನೂ ತಾನೇ ಬಳಿದನಂತೆ. ಹಳಬನೆಂದು ಮಾಲೀಕರು ಮನೆಗೆ ಕಳಿಸಲಿಲ್ಲ. ಪಂಚು ಸುತ್ತಿಗೆ ಇಸಿದುಕೊಂಡು, ಬೋಲ್ಟು ನಟ್ಟು ಕೊಡುವ ಉಗ್ರಾಣದಲ್ಲಿ ಕೂರಿಸಿದರು.

ಅವತ್ತು ಕೆಲಸ ಬಿಟ್ಟು ಅಪ್ಪ ನೇರ ನಮ್ಮನೆಗೆ ಬಂದ. ನಮ್ಮವರು ಎದ್ದು ನಿಂತರು. ಅಪ್ಪ ಅವರನ್ನು ಕೂರಿಸಿ, ಪಕ್ಕದಲ್ಲಿ ಕೂತು, ಎಡಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಮೊಂಡು ಬೆರಳನ್ನು ಮೊದಲ ಸಲ ನೋಡಿದ. ತುಂಬ ಹೊತ್ತು ನೋಡಿದ.

ನೋಯುತ್ತದೆಯೇ ಎಂದು ಕೇಳಿದ. ಇಲ್ಲ ಮಾವ, ಎಂದರು ನಮ್ಮವರು.

"ಮುಚ್ಚಿಬಿಡಿ ಅಂದಾಗ ನೀವು ಹೂಂ ಅಂದಿದ್ರೆ, ಇದನ್ನ ನೋಡೋ ಧೈರ್ಯ ನನಗೆ ಯಾವತ್ತೂ ಬರ್ತಿರಲಿಲ್ಲ," ಎಂದ ಅಪ್ಪ. ಹಾಗೆಂದವನು ಅಳತೊಡಗಿದ, ಕೈ ಮಾತ್ರ ಬಿಡಲಿಲ್ಲ.