ಎಡಗಡೆಯ ಒದ್ದೆ ಮ್ಯಾಟ್

ಅವತ್ತು ಬೆಳಿಗ್ಗೆಯೂ ನಾನು ಹಾಲು ಕಾಯಿಸುವ ಹೊತ್ತಿಗೆ ಸರಿಯಾಗಿ ನಮ್ಮ ಯಜಮಾನರು ಕಾರು ತೊಳೆಯಲು ಇಳಿದಿದ್ದರು. ಗಾಜಿನ ಮೇಲೆ ಬಕೆಟ್ ನೀರು, ಹಳೆಯ ಬನಿಯನ್ನಿನಿಂದ ಒರೆಸುವುದು, ಆಮೇಲೆ ಪೂಜೆ. ಬಾನೆಟ್ಟಿನ ಮೇಲಿಟ್ಟ ಹೂವು ಜಾರುತ್ತದೆಂದು ಸೇವಂತಿಗೆಯನ್ನು ವೈಪರಿನ ಬುಡಕ್ಕೆ ಒತ್ತಿ ಸಿಕ್ಕಿಸುತ್ತಿದ್ದರು. ಬಲಗಡೆ ಕಾಂಪೌಂಡ್ ಗೋಡೆ ಒತ್ತಿಕೊಂಡಿದ್ದರಿಂದ ಭಕ್ತಿಯೆಲ್ಲ ಎಡಗಡೆಗೇ. ಅಷ್ಟು ಮುತುವರ್ಜಿಯಿಂದ ಅವರು ನನಗೆ ಹೂ ಮುಡಿಸಿದ್ದು ಮದುವೆಯ ಫೋಟೋದಲ್ಲಿ ಮಾತ್ರ ಇದೆ. ಅದೂ ಫೋಟೋದವರು ಹೇಳಿದ್ದಕ್ಕೆ.

ಅವತ್ತು ಸಂಜೆ ಆ ಕಾರು ಹೊರಟುಹೋಗುವುದಿತ್ತು. ಕುಣಿಗಲ್‌ನಲ್ಲಿ ಹಳೆಯ ಗಾಡಿಗಳ ವ್ಯಾಪಾರ ಮಾಡುವ ಅವರ ಚಿಕ್ಕಪ್ಪನ ಮಗ ಬಂದು ನೋಡಿ ಒಯ್ಯುತ್ತೇನೆ ಎಂದಿದ್ದ. ಯಜಮಾನರಿಗೇನು, ಸ್ಕೂಟರ್ ಇದೆ. ಗುಬ್ಬಿಯ ಅಕ್ಕನ ಮನೆಗೆ ನಾನೇ ಓಡಿಸಿಕೊಂಡು ಹೋಗುತ್ತಿದ್ದದ್ದು ಈ ಕಾರಿನಲ್ಲಿ. ಬಸ್ಸಿಗೆ ಹೋಗುತ್ತೇನೆಂದರೆ ಯಾಕೆ, ಎಷ್ಟೊತ್ತಿಗೆ ಬರ್ತೀಯ, ಸಾರಿಗೇನು ಮಾಡಿದೀಯ ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಕಾರಿನ ಕೀಲಿ ತೆಗೆದುಕೊಂಡರೆ ಯಾರೂ ಕೇಳುತ್ತಿರಲಿಲ್ಲ. ತರಕಾರಿಗೆ ಹೊರಟಳು ಅಂದುಕೊಳ್ಳುತ್ತಿದ್ದರು.

ಕಾರಿಗೆ ಬಂದ ರೋಗ ವಿಚಿತ್ರದ್ದು. ಹಾರ್ನ್ ಒತ್ತಿದರೆ ವೈಪರ್ ಓಡುತ್ತಿತ್ತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಮಿಣುಕುತ್ತಿತ್ತು. ಎಡಗಡೆ ಸೀಟಿನ ಮುಂದಿನ ಮ್ಯಾಟ್ ಸದಾ ಒದ್ದೆ.

“ನೀನು ಬಾಟ್ಲಿ ಮುಚ್ಚಳ ಸರಿಯಾಗಿ ಹಾಕಲ್ಲ ಕಣೇ, ಅದ್ಕೇ,” ಅಂದರು ಯಜಮಾನರು. ಅಂದಿನಿಂದ ನಾನು ಗುಬ್ಬಿಯವರೆಗೆ ಬಾಯಾರಿಕೊಂಡೇ ಹೋದೆ. ಮ್ಯಾಟು ಮಾತ್ರ ತಪ್ಪದೆ ನೀರು ಕುಡಿಯಿತು.

ಕ್ಯಾತ್ಸಂದ್ರದ ಮೆಕ್ಯಾನಿಕ್ “ಇದು ಕರೆಂಟ್ ಪ್ರಾಬ್ಲಮ್ ಸಾರ್,” ಎಂದು ಗಂಭೀರವಾಗಿ ಹೇಳಿದ. ಬ್ಯಾಟರಿ ಬದಲಾಯಿತು, ಹಾರ್ನ್ ಬದಲಾಯಿತು, ಒದ್ದೆ ಬದಲಾಗಲಿಲ್ಲ. ಆಗ ಯಜಮಾನರು ದೃಷ್ಟಿಯಾಗಿದೆ ಎಂದು ತೀರ್ಮಾನಿಸಿದರು. ಬಣ್ಣ ಹೋದ ಆ ಡಬ್ಬವನ್ನು ನೋಡಿ ಹೊಟ್ಟೆ ಉರಿದುಕೊಂಡವರು ಯಾರೋ ನನಗೆ ತಿಳಿಯದು. ಗೂಳೂರು ಗಣಪನಿಗೆ ಹಣ್ಣುಕಾಯಿ ಆಯಿತು, ವಾರಕ್ಕೊಮ್ಮೆ ಇದ್ದ ಪೂಜೆ ದಿನವಹಿ ಆಯಿತು. ಪೂಜೆ ಹೆಚ್ಚಿದಷ್ಟೂ ಕಾರು ಕೆಟ್ಟಿತು, ಕೆಟ್ಟಷ್ಟೂ ಪೂಜೆ ಹೆಚ್ಚಿತು.

ಅವತ್ತು ಕಾರಿನ ಮೂತಿಗೆ ಎದುರಾಗಿದ್ದ ಅಡುಗೆಮನೆ ಕಿಟಕಿಯಿಂದ ನೋಡುತ್ತ ನಿಂತಿದ್ದೆ. ಗಾಜಿನ ಮೇಲೆ ಸುರಿದ ನೀರು ಬಲಗಡೆ ಮುಂದಿನ ಚಕ್ರದ ಹಿಂದೆ ಧಾರೆಯಾಗಿ ಇಳಿಯಿತು. ಎಡಗಡೆ ಚಕ್ರದ ಹಿಂದೆ ಒಂದು ಹನಿಯೂ ಇಲ್ಲ. ನನ್ನ ಮುಂದೆ ಸಿಂಕು, ಅದರಲ್ಲಿ ಚಹಾ ಸೊಪ್ಪು ಸಿಕ್ಕಿಕೊಂಡು ನಿಂತ ನೀರು. ಕೆಳಗಿಳಿಯದ ನೀರು ಎಲ್ಲಿಗೋ ಹೋಗಲೇಬೇಕಲ್ಲ.

ಅವರು ಆಫೀಸಿಗೆ ಹೊರಟ ಮೇಲೆ ಬ್ಯಾಟರಿಯ ತಂತಿ ಕಳಚಿ, ಗಾಜಿನ ಬುಡದ ಕಪ್ಪು ಜಾಲರಿಯನ್ನು ಮೆಲ್ಲಗೆ ಎತ್ತಿದೆ. ಎಡಮೂಲೆಯಲ್ಲಿ ನೀರು ಹೋಗುವ ತೂತಿನ ಮೇಲೆ ತಿಂಗಳುಗಟ್ಟಲೆಯ ಸೇವಂತಿಗೆ ಕೊಳೆತು ಗೊಜ್ಜಾಗಿ ಕೂತಿತ್ತು, ಕುಂಕುಮದ ಸಮೇತ. ಕಾನ್ವೆಂಟಿನಲ್ಲಿ ಸಿಸ್ಟರ್ ಕೊಡಿಸಿದ್ದ, ತುದಿಯಲ್ಲಿ ಕೊಕ್ಕೆಯಿರುವ ಕ್ರೋಶೆ ಕಡ್ಡಿ ತಂದು ಎಳೆದೆ. ಗುಳುಗುಳು ಎಂದು ಕಂದು ನೀರು ಚಕ್ರದ ಹಿಂದಿನಿಂದ ಇಳಿದೇ ಇಳಿಯಿತು. ಇಷ್ಟು ದಿನ ಆ ನೀರು ತುಂಬಿ ಒಳಕ್ಕೆ ಹರಿದು, ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆಗೆ ಅಭಿಷೇಕ ಮಾಡಿ, ಮ್ಯಾಟಿನಲ್ಲಿ ತೀರ್ಥವಾಗಿ ನಿಲ್ಲುತ್ತಿತ್ತು. ಫ್ಯೂಸುಗಳ ಕಾಲಿಗೆ ಹಸಿರು ಕಿಲುಬು ಹಿಡಿದಿತ್ತು. ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ತಲೆಗೂದಲು ಒಣಗಿಸುವ ಡ್ರೈಯರ್ ಹಿಡಿದು ಒಣಗಿಸಿದೆ. ಮತ್ತೆ ತಂತಿ ಹಾಕಿ ಹಾರ್ನ್ ಒತ್ತಿದೆ. ಹಾರ್ನ್ ಬರೀ ಹಾರ್ನ್ ಆಗಿತ್ತು.

ಸಂಜೆ ಯಜಮಾನರು ಆಫೀಸಿನಿಂದ ಬಂದ ಹಿಂದೆಯೇ ಕುಣಿಗಲ್ ಮೈದುನ ಬಂದವನು, ಸಾವಿನ ಮನೆಗೆ ಬಂದವರಂತೆ ಮುಖ ಮಾಡಿಕೊಂಡು ಕಾರನ್ನು ಒಂದು ಸುತ್ತು ಬಂದ.

“ನೀರ್ ಕುಡ್ದಿರೋ ಗಾಡಿ ಅತ್ಗೆ. ಯಾವನೂ ಮುಟ್ಟಲ್ಲ. ಏನೋ ಅಣ್ಣನ ಗಾಡಿ ಅಂತ ನಾನ್ ತಗಂಡೋಯ್ತೀನಿ.”

“ಮೊದ್ಲು ನೋಡಪ್ಪ,” ಎಂದು ಬಕೆಟ್ ಕೊಟ್ಟೆ.

ಅವನು ಉತ್ಸಾಹದಿಂದ ಗಾಜಿನ ಮೇಲೆ ನೀರು ಸುರಿದ. ಮ್ಯಾಟ್ ಎತ್ತಿ ನೋಡಿದ, ಕೆಳಗೆ ನಾನು ಹಾಸಿದ್ದ ಪೇಪರ್ ಗರಿಗರಿಯಾಗಿತ್ತು. ಹಾರ್ನ್ ಒತ್ತಿದ, ವೈಪರ್ ಅಲುಗಲಿಲ್ಲ. ಪಾಪ, ಇನ್ನೂ ಜೋರಾಗಿ ಒತ್ತಿದ. ಆಗ ಸಗಣಿಯಂತಿದ್ದ ಸೇವಂತಿಗೆ ಮುದ್ದೆಯನ್ನು ಮೊರದಲ್ಲಿ ತಂದು ಇಬ್ಬರ ಮುಂದೆ ಇಟ್ಟು, ಎಲ್ಲಿಂದ ತೆಗೆದೆನೆಂದು ಹೇಳಿದೆ.

ಯಜಮಾನರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ. “ದೇವ್ರ ಹೂವಿನ್ ಮೇಲೆ ತಪ್ಪು ಹೊರಿಸ್ಬೇಡ ಕಣೇ. ಬಿಸ್ಲಿಗೆ ಒಣಗಿ ಸರಿಹೋಗಿದೆ. ನಾನು ಅವತ್ತೇ ಹೇಳಿರ್ಲಿಲ್ವಾ?” ಎಂದು ಬಾನೆಟ್ ಸವರಿ, “ಮಾರೋದೇನೂ ಬೇಡ. ಒಳ್ಳೇ ಗಾಡಿ,” ಅಂದರು.

“ಕುಣಿಗಲ್‌ನಿಂದ ಕರ್ಸಿ ನನ್ ಕಿವಿಗ್ ಹೂವ ಇಟ್ಟೆ ಬುಡಣ್ಣ!” ಎಂದು ಮೈದುನ ಕಾಫಿ ಲೋಟ ಕೆಳಗಿಟ್ಟ.

ಅವನು ಹೋದ ಮೇಲೆ ಕಾರಿನ ಕೀಲಿಯನ್ನು ಗೂಟಕ್ಕೆ ಸಿಕ್ಕಿಸದೆ ನನ್ನ ಪರ್ಸಿಗೇ ಹಾಕಿಕೊಂಡೆ. ಕಾಂಪೌಂಡಿನಾಚೆ ಪಕ್ಕದ ಮನೆಯವರು ಒಣಗಿದ ಬಟ್ಟೆ ಎಳೆದುಕೊಳ್ಳುತ್ತಿದ್ದರು.

“ಗಾಡಿ ಉಳ್ಕೊಂತಲ್ಲ, ಗುಬ್ಬಿಗೆ ಯಾವಾಗ್ರೀ?”

“ನಾಳೇನೇ.”

“ಹಂಗಾದ್ರೆ ನಂಗೂ ಒಂದ್ ಸೀಟ್ ಇಡ್ರೀ, ಬರ್ತೀನಿ,” ಎಂದು ಹೆಗಲ ಮೇಲೆ ಸೀರೆ ಹಾಕಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ತಿರುಗಿ ಅಂದರು: “ತಡೀರಿ, ನಮ್ ಯಜಮಾನ್ರನ್ನ ಒಂದ್ ಮಾತು ಕೇಳ್ಬಿಟ್ಟು ಹೇಳ್ತೀನಿ.”