ಅರಿಸಿನದ ಗದ್ದೆ

ನಾನು ಪಾಠ ಮಾಡುವ ಕಾಲೇಜಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ, "ಮೇಡಂ, ಪ್ಲಾನಿಂಗ್ ಓದಿದರೆ ಮುಂದೆ ಏನು ಕೆಲಸ ಸಿಗುತ್ತೆ?"

ಬೆರಳು ಮಡಚುತ್ತಾ ಹೇಳುತ್ತೇನೆ. ಸರ್ಕಾರದ ಕೆಲಸವಿದೆ, ಪರೀಕ್ಷೆ ಬರೆಯಬೇಕು. ಊರುಗಳ ನಕ್ಷೆ ಮಾಡುವ ಖಾಸಗಿ ಆಫೀಸುಗಳಿವೆ. ಹೆದ್ದಾರಿಯೋ ಕಾರ್ಖಾನೆಯೋ ಬರುವ ಕಡೆ ನೀರಿಗೆ, ಮರಕ್ಕೆ ಏನಾಗುತ್ತದೆಂದು ವರದಿ ಬರೆಯುವ ಕೆಲಸವಿದೆ. ಲೇಔಟ್ ಮಾಡುವವರೂ ಕರೆಯುತ್ತಾರೆ, ಸಂಬಳ ಅವರದ್ದೇ ಜಾಸ್ತಿ. ಏನೂ ಆಗದಿದ್ದರೆ ನನ್ನ ಹಾಗೆ ಪಾಠ ಮಾಡಬಹುದು. ಹುಡುಗರು ನಗುತ್ತಾರೆ. ಕೆಲಸ ಸಿಕ್ಕ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ನಾನು ಇದುವರೆಗೆ ಹೇಳಿಲ್ಲ. ಹೇಳಬೇಕೆಂದರೆ ಅತ್ತೆಯ ಗದ್ದೆಯಿಂದ ಶುರುಮಾಡಬೇಕು.

ಅತ್ತೆ ಅಂದರೆ ಅಪ್ಪನ ಅಕ್ಕ. ನಮ್ಮೂರು ಗಾವಡಗೆರೆಯ ಪಕ್ಕ. ಅವಳನ್ನು ಕೊಟ್ಟದ್ದು ಕೃಷ್ಣರಾಜನಗರಕ್ಕೆ. ಮದುವೆಯಲ್ಲಿ ತಾತ ಅರಿಸಿನ ಕುಂಕುಮಕ್ಕೆಂದು ಆ ಊರಾಚೆ, ಕಾಲುವೆಯ ಕೆಳಗೆ, ಹತ್ತು ಗುಂಟೆ ಗದ್ದೆ ಕೊಡಿಸಿದ್ದ. ಮನೆಯವರೆಲ್ಲರ ಬಾಯಲ್ಲಿ ಅದು 'ಅರ್ಸಿನದ ಗದ್ದೆ'. ನಾನು ಹೈಸ್ಕೂಲು ಓದಿದ್ದು ಅತ್ತೆಯ ಮನೆಯಲ್ಲಿದ್ದುಕೊಂಡು. ನಾಲ್ವರು ಅಣ್ಣತಮ್ಮಂದಿರ ಕೂಡುಮನೆ, ಒಂದೇ ಒಲೆ, ಆ ಒಲೆಯ ಮುಂದೆ ಮೂರು ಹೊತ್ತೂ ಅತ್ತೆ. ನಾಟಿಯ ದಿನಗಳಲ್ಲಿ ಮಾತ್ರ ಅವಳು ಒಲೆಯನ್ನು ಓರಗಿತ್ತಿಯರಿಗೆ ಬಿಟ್ಟು ಗದ್ದೆಗೆ ಹೊರಡುತ್ತಿದ್ದಳು. ಭಾನುವಾರವಾದರೆ ಬುತ್ತಿ ಹೊತ್ತು ಹಿಂದೆ ನಾನು. ತೂಬಿನ ನೀರಿಗೆ ಕಾಲು ಇಳಿಬಿಟ್ಟು ಬದುವಿನ ಮೇಲೆ ಕೂತು ಇಬ್ಬರೂ ಮುದ್ದೆ, ಉಪ್ಸಾರು ಉಣ್ಣುತ್ತಿದ್ದೆವು. ಮನೆಯಲ್ಲಿ ಬಾಯಿಬಿಡದ ಅತ್ತೆ ಅಲ್ಲಿ ಎಷ್ಟು ಮಾತಾಡುತ್ತಿದ್ದಳು!

"ನೀರ ನೋಡು ಮಗಾ. ಎಲ್ಲಿಗೋಗ್ಬೇಕು ಅಂತ ಅದ್ಕೆ ಗೊತ್ತು. ನಾವು ಅಡ್ಡ ನಿಲ್ದಿದ್ರೆ ಸಾಕು" ಅನ್ನುತ್ತಿದ್ದಳು.

ಮುಂದೆ ನಗರ ಮತ್ತು ಪರಿಸರ ಯೋಜನೆ ಎಂದು ಎರಡು ವರ್ಷ ಓದಿದೆನಲ್ಲ, ಅದರಲ್ಲೂ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಪದಗಳು ಮಾತ್ರ ಉದ್ದುದ್ದ.

ಆ ಓದಿಗೆ ನಮ್ಮ ಕಡೆ ಹೆಸರೇ ಒಂದು ಕಂಟಕ. ತೊಂಬತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಪ್ಲಾನಿಂಗ್ ಅಂದರೆ ಒಂದೇ ಅರ್ಥ. "ಮಗಳು ಪ್ಲಾನಿಂಗ್ ಓದವ್ಳೆ" ಎಂದು ಅವ್ವ ಹೇಳಿಕೊಂಡಾಗಲೆಲ್ಲ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಓದು ಮುಗಿಸಿ ಮೈಸೂರಿನ ಒಂದು ಸಣ್ಣ ಆಫೀಸು ಸೇರಿ, ಯಾವ ಕಟ್ಟಡ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಬರೆದುಕೊಳ್ಳಲು ಹುಣಸೂರು, ಪಿರಿಯಾಪಟ್ಟಣಗಳ ಬೀದಿ ಬೀದಿ ಸುತ್ತುತ್ತಿದ್ದೆ. ಹೆಗ್ಗಡದೇವನಕೋಟೆಯಲ್ಲಿ ಜಗಲಿಯ ಮೇಲಿದ್ದ ಅಜ್ಜನಿಗೆ ನಾನು ಪ್ಲಾನಿಂಗಿನವಳು ಅಂದದ್ದೇ ತಡ, "ನಮ್ಮನೇಲಿ ಎಲ್ಲಾರ್ಗೂ ಆಪ್ರೇಸನ್ ಆಗದೆ ಕಣವ್ವ, ಮುಂದ್ಕೋಗು" ಎಂದು ಬಾಗಿಲು ಹಾಕಿಕೊಂಡ. ನಕ್ಕು ನಕ್ಕು ಸಾಕಾಗಿ, ಆ ಮನೆಯನ್ನು ನಕ್ಷೆಯಲ್ಲಿ ಗುರುತಿಸುವುದನ್ನೇ ಮರೆತು ಮತ್ತೆ ಹೋಗಬೇಕಾಯಿತು. ಓದುವಾಗ ಜೊತೆಗಿದ್ದವರು ಒಬ್ಬೊಬ್ಬರಾಗಿ ದೊಡ್ಡ ಊರುಗಳಿಗೆ ಹೋದರು. ನಾನು ಹೋಗಲಿಲ್ಲ. ನಮ್ಮ ಆಫೀಸಿಗೆ ಬರಲಿದ್ದ ಮುಂದಿನ ನಕ್ಷೆ ಕೃಷ್ಣರಾಜನಗರದ್ದು. ಆ ಆಸೆಗೆ ಉಳಿದುಕೊಂಡೆ.

ಆಗ ಬಣ್ಣ ತುಂಬುತ್ತಿದ್ದದ್ದು ಕೈಯಲ್ಲಿ. ಮನೆ ಕಟ್ಟಬಹುದಾದ ಜಾಗಕ್ಕೆ ಹಳದಿ, ಬೇಸಾಯಕ್ಕೆ ಹಸಿರು. ಹಸಿರು ಬಿದ್ದ ಕಡೆ ಸೈಟು ಮಾಡುವ ಹಾಗಿಲ್ಲ. ಈ ಸುದ್ದಿ ಅತ್ತೆಯ ಕಿವಿಗೆ ಯಾರು ಹಾಕಿದರೋ, ಒಂದು ಬೆಳಿಗ್ಗೆ ಬಸ್ಸು ಹತ್ತಿ ಮೈಸೂರಿನ ನನ್ನ ರೂಮಿಗೇ ಬಂದಳು. ನೀರು ಕುಡಿದು ನೇರ ವಿಷಯಕ್ಕೆ ಇಳಿದಳು.

"ಅರ್ಸಿನದ ಗದ್ದೆಗೆ ಒಸಿ ಅರ್ಸಿನ ಬಳ್ದ್ಬುಡು ಮಗಾ."

"ಯಾಕತ್ತೆ?"

"ನಾಕು ಸೈಟ್ ಮಾಡಿ ಮೂರ ಮಾರ್ತೀನಿ. ಒಂದ್ರಲ್ಲಿ ನಂದೂ ಅಂತ ಒಂದು ಮನೆ. ಮದ್ವೆ ಆದಾಗ್ಲಿಂದ ಊರೋರ್ಗೆಲ್ಲಾ ಮುದ್ದೆ ತಿರ‍್ವಿದ್ದಾಯ್ತು. ಸಾಯೋದ್ರೊಳ್ಗೆ ನಂದೇ ಒಂದು ಒಲೆ ಬೇಕು ಕಣವ್ವ."

ಆಗಲಿ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನೋಡೋಣ ಅಂದೆ. ನಮ್ಮ ಕಡೆ ನೋಡೋಣ ಅಂದರೆ ಅರ್ಧ ಒಪ್ಪಿದ ಹಾಗೆ. ಅತ್ತೆ ಖುಷಿಯಾಗಿ ಬಸ್ಸು ಹತ್ತಿದಳು.

ಆಫೀಸಿನ ಯಜಮಾನರು ಕಾಲುವೆಯ ಬದಿಯ ಹಾಳೆಯನ್ನು ನನ್ನ ಮುಂದೆ ಹರವಿ, "ಇದು ನಿಮಗೆ ಗೊತ್ತಿರುವ ಜಾಗ, ನೀವೇ ಹೇಳಿ" ಅಂದರು. ನಾನು ಹಸಿರು ಪೆನ್ಸಿಲ್ ತೆಗೆದುಕೊಂಡೆ. ತಗ್ಗಿನ ಜಾಗ, ಮೇಲಿನ ನೀರೆಲ್ಲ ಬಂದು ನಿಲ್ಲುತ್ತದೆ, ಎರಡು ಬೆಳೆಯ ಭೂಮಿ ಎಂದೆಲ್ಲ ಕಾರಣ ಬರೆದೆ. ಒಂದೂ ಸುಳ್ಳಲ್ಲ. ಆದರೆ ನಿಜ ಹೇಳುತ್ತೇನೆ, ನನಗೆ ಆ ಗದ್ದೆ ಬೇಕಿತ್ತು. ಬಾಡಿಗೆ ರೂಮಿನಲ್ಲಿ ಒಬ್ಬಳೇ ಉಣ್ಣುವಾಗ ಆ ತೂಬಿನ ನೀರಿನ ತಂಪು ಕಾಲಿಗೆ ಬೇಕು ಅನ್ನಿಸುತ್ತಿತ್ತು. ಅತ್ತೆಗೆ ಒಲೆ ಬೇಕಿತ್ತು, ನನಗೆ ಬದು. ಪೆನ್ಸಿಲ್ ನನ್ನ ಕೈಯಲ್ಲಿತ್ತು.

ಕರಡು ನಕ್ಷೆಗೆ ಆಕ್ಷೇಪಣೆ ಕರೆದಾಗ ಕಾಲುವೆಯ ಬದಿಯ ಜಮೀನಿನವರೆಲ್ಲ ಸೇರಿ ಅರ್ಜಿ ಕೊಟ್ಟರು. ಅತ್ತೆ ಮಾತ್ರ ಸಹಿ ಹಾಕಲಿಲ್ಲವಂತೆ. "ನಮ್ಮುಡ್ಗಿನೇ ಅಲ್ಲಿರೋವಾಗ ನಂಗ್ಯಾಕ್ರಪ್ಪ ಅರ್ಜಿ?" ಅಂದಳಂತೆ. ಅರ್ಜಿಗಳ ವಿಚಾರಣೆ ನಡೆದು, ಕೊನೆಯ ನಕ್ಷೆ ಬಂದಾಗ ಆ ಬದಿ ಪೂರ್ತಿ ಹಳದಿ.

ಆ ಭಾನುವಾರ ಅತ್ತೆ ಒಬ್ಬಟ್ಟು ಮಾಡಿ, ನನ್ನನ್ನು ಕರೆಸಿ ಮಣೆಯ ಮೇಲೆ ಕೂರಿಸಿದಳು. ಬಂದವರಿಗೆಲ್ಲ, "ನನ್ ಸೊಸೆ ಅರ್ಸಿನ ಬಳ್ದವ್ಳೆ" ಎಂದು ನನ್ನ ಕೆನ್ನೆ ಸವರಿದಳು. ಅಲ್ಲ ಅತ್ತೆ ಎನ್ನಲು ಬಾಯಿ ತೆರೆದೆ. ಅವಳು ಬಾಯಿಗೆ ಒಬ್ಬಟ್ಟು ಇಟ್ಟಳು. ಆ ಹೊತ್ತಿಗೆ ಹೇಳದ್ದನ್ನು ಆಮೇಲೆ ಹೇಳುವುದು ಬಲು ಕಷ್ಟ. ಮುಂದಿನ ವರ್ಷಗಳಲ್ಲಿ ಹಬ್ಬ ಹಬ್ಬಕ್ಕೂ ಅವಳಿಂದ ಸೀರೆ ಬಂತು, ಹೊಗಳಿಕೆ ಬಂತು. ಎರಡನ್ನೂ ತೆಗೆದುಕೊಂಡೆ.

ಮನೆ ಎದ್ದಿತು. ಅತ್ತೆಯ ಒಲೆ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿತ್ತು. ಮೊದಲೆರಡು ವರ್ಷ ಕಿಟಕಿಯಾಚೆ ಬೇರೆಯವರ ಗದ್ದೆ ಕಾಣುತ್ತಿತ್ತು. ಆಮೇಲೆ ಅಲ್ಲೂ ಕಲ್ಲು ನೆಟ್ಟರು, ಗೋಡೆ ಬಂತು. ತೂಬು ಮುಚ್ಚಿಹೋಯಿತು. ನಾನು ಒಮ್ಮೆ ಅದು ಎಲ್ಲಿತ್ತೆಂದು ಹುಡುಕಿ, ಯಾರದೋ ಸ್ಕೂಟರ್ ನಿಲ್ಲಿಸಿದ್ದ ಜಾಗದಲ್ಲಿ ಸುಮ್ಮನೆ ನಿಂತು ಬಂದೆ. ಎಷ್ಟೋ ನಕ್ಷೆ ಮಾಡಿದವಳಿಗೂ ಆ ಬದು ಸಿಗಲಿಲ್ಲ.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಒಂದು ಮಳೆಗಾಲದ ಮಧ್ಯಾಹ್ನ. ಅಂಗಳದಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು. ಅವಳು ಮುದ್ದೆ ಬಡಿಸಿ ಎದುರಿಗೆ ಕೂತು, ಕಿಟಕಿಯಾಚೆಯ ಗೋಡೆ ನೋಡುತ್ತಾ ಅಂದಳು:

"ನೀರಿಗೆ ಅಡ್ಡ ನಿಂತ್ಬುಟ್ವಿ ಕಣವ್ವ. ಆ ಗದ್ದೆ ಕನ್ಸಿಗ್ ಬತ್ತದೆ. ನಾನೇನೋ ಒಲೆ ಆಸೆಗ್ ಕೇಳ್ದೆ, ನಂಗೇನ್ ತಿಳೀತದೆ? ಓದ್ದೋಳು ನೀನು. ನೀನ್ಯಾಕೆ ಬ್ಯಾಡ ಅನ್ನಲಿಲ್ಲ?"

ಹಸಿರೇ ಬಳಿದಿದ್ದೆ ಅತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆ ಹಾಳೆ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ, ತಂದು ತೋರಿಸಬಹುದಿತ್ತು. ಆದರೆ ಅಷ್ಟು ವರ್ಷ ನನ್ನದಲ್ಲದ ಹೊಗಳಿಕೆ ಉಂಡವಳು ನಾನು. ಈಗ ಬಂದ ದೂರನ್ನು ಯಾವ ಬಾಯಲ್ಲಿ ಒಲ್ಲೆ ಅನ್ನಲಿ?

"ತಪ್ಪಾಯ್ತು ಅತ್ತೆ" ಅಂದೆ.

"ಬುಡು, ಆರೋಯ್ತದೆ, ಉಣ್ಣು" ಎಂದು ಸಾರು ಬಿಟ್ಟಳು.