ತರಗಿಗೆ ಹೆಪ್ಪು ಹಾಕುವ ಸುಲ್ತಾನ್ ಬೀ

ಮದ್ದೂರಿನ ಹೊರಗೆ, ಶಿಂಷೆಯ ದಡದ ಆಲೆಮನೆಯ ಹಿಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಳೆತ್ತರದ ಒಟ್ಟಿಲಿನಿಂದ ಹಬೆ ಏಳುತ್ತಿದೆ. ಸುಲ್ತಾನ್ ಬೀ ಅದರೊಳಕ್ಕೆ ಕಬ್ಬಿಣದ ಸರಳು ಚುಚ್ಚಿ, ಕೊಂಚ ಹೊತ್ತು ಬಿಟ್ಟು ಎಳೆದು, ತುದಿಯನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಹಿಡಿಯಲಾಗದಷ್ಟು ಬಿಸಿ. ಕೊಡ ಎತ್ತಿಕೊಂಡು ನದಿಗೆ ಇಳಿಯುತ್ತಾರೆ. ಇವರ ಬಗ್ಗೆ ಬರೆಯಲು ಬಂದಿರುವ ನಾನೂ ಒಂದು ಕೊಡ ಎತ್ತಿಕೊಳ್ಳುತ್ತೇನೆ. ನಿಂತು ಪ್ರಶ್ನೆ ಕೇಳುವುದಕ್ಕಿಂತ ಅದೇ ನನಗೆ ಸುಲಭ.

ಒಟ್ಟಿಲಲ್ಲಿರುವುದು ಕಬ್ಬಿನ ತರಗು, ರಸ ಹಿಂಡಿದ ಹಸಿ ಸಿಪ್ಪೆ. ವರ್ಷ ಕಳೆದರೂ ಕೊಳೆಯದೆಂದು ರೈತರು ಸುಟ್ಟುಹಾಕುವ ಕಸ. ಗಾಣ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ವರ್ಷ, ಗಾಣದಡಿ ಬಿದ್ದಿದ್ದ ಸಿಪ್ಪೆ ಬಿಳಿ ಬೂಷ್ಟು ಹಿಡಿದು ಕೈಯಲ್ಲೇ ಪುಡಿಯಾದದ್ದನ್ನು ಇವರು ಕಂಡರು. ಅದರಲ್ಲೊಂದು ಹಿಡಿಯನ್ನು ಹೊಸ ತರಗಿಗೆ ಬೆರೆಸಿದರು. ಮೂರೇ ತಿಂಗಳಿಗೆ ಕಪ್ಪು ಗೊಬ್ಬರ. ಎಲ್ಲೋ ದೂರದ ಯುದ್ಧದ ದೆಸೆಯಿಂದ ಅಂಗಡಿಗೆ ರಾಸಾಯನಿಕ ಗೊಬ್ಬರದ ಮೂಟೆ ಬಾರದ ಈ ದಿನಗಳಲ್ಲಿ ಹನ್ನೊಂದು ಹಳ್ಳಿಯ ಗಾಡಿಗಳು ಇಲ್ಲಿಗೆ ಬರುತ್ತವೆ. ಒಟ್ಟಿಲು ಒಣಗದಂತೆ ದಿನಕ್ಕೆ ನಲವತ್ತು ಕೊಡ ನೀರು. ಎಂಟು ದಿನಕ್ಕೊಮ್ಮೆ ಒಟ್ಟಿಲು ಮಗುಚಬೇಕು.

"ಹಾಲಿಗೆ ಹೆಪ್ಪು ಹಾಕಾಕಿಲ್ವೇನಮ್ಮ? ಇದೂ ಅಂಗೇಯ. ಕೆಲ್ಸ ಬೂಷ್ಟು ಮಾಡ್ತದೆ, ನಾನು ಬರೀ ನೀರು ಹೊರೋಳು."

ಹೆಪ್ಪು ಕೇಳಿ ಬಂದ ಯಾರಿಗೂ ಅವರು ಇಲ್ಲವೆಂದವರಲ್ಲ. ಎಲ್ಲರಿಗೂ ಕೊಟ್ಟರೆ ನಿನ್ನ ಹತ್ತಿರ ಯಾರು ಬರುತ್ತಾರೆ ಎಂದು ಆಲೆಮನೆಯ ಯಜಮಾನ ಜವರಯ್ಯನವರು ಗದರುತ್ತಲೇ ಇದ್ದರಂತೆ.

ಈ ಮಳೆಗಾಲದಲ್ಲಿ ಸುಲ್ತಾನ್ ಬೀ ಜ್ವರದಿಂದ ಹದಿನೈದು ದಿನ ಮಲಗಿಬಿಟ್ಟರು. ನೆರೆಯ ಹೆಂಗಸರು ತಮ್ಮ ತಿಪ್ಪೆಗೆ ಸುರಿಯುವಂತೆಯೇ ಒಲೆಯ ಬಿಸಿ ಬೂದಿಯನ್ನು ದಿನವೂ ತಂದು ಒಟ್ಟಿಲಿಗೆ, ಹೆಪ್ಪು ತೆಗೆದಿಟ್ಟಿದ್ದ ಬುಟ್ಟಿಗೆ ಸುರಿದರು, ಉಪಕಾರವೆಂದುಕೊಂಡೇ. ಇವರು ಎದ್ದು ಬಂದು ಸರಳು ಚುಚ್ಚಿದರೆ ಒಟ್ಟಿಲು ತಣ್ಣಗಿತ್ತು. ಎಂಟು ವರ್ಷ ಕಾಪಾಡಿದ ಬೂಷ್ಟು ಸತ್ತಿತ್ತು. ಇನ್ನು ಈ ತರಗಿಗೆ ಬೆಂಕಿಯೇ ಗತಿ ಎಂದು ಜವರಯ್ಯನವರು ದಿನವನ್ನೂ ಗೊತ್ತುಮಾಡಿದರು.

ಅದರ ಹಿಂದಿನ ದಿನ ಸುದ್ದಿ ಕೇಳಿದ ಬೆಸಗರಹಳ್ಳಿಯ ಮಂಚಮ್ಮ ಒದ್ದೆ ಗೋಣಿ ಮುಚ್ಚಿದ ಬುಟ್ಟಿ ಹೊತ್ತು ನಡೆದೇ ಬಂದರು. ಐದು ವರ್ಷದ ಕೆಳಗೆ ಇಲ್ಲಿಂದಲೇ ಒಯ್ದ ಹೆಪ್ಪು, ಅವರ ಹೊಲದ ಮೂಲೆಯಲ್ಲಿ ಬೆಳೆಯುತ್ತಲೇ ಇತ್ತು.

"ತಕೋ ಬೂಬಮ್ಮ, ನಿಂದೇಯ. ಈ ಬೂದಿ ರಾಣೀರ ಕೈಗೆ ಮಾತ್ರ ಕೊಡಬ್ಯಾಡ ಕಣೆ" ಎಂದು ನೆರೆಯವರನ್ನು ಛೇಡಿಸಿದರಂತೆ. ಆ ಹೆಂಗಸರೇ ಈಗ ಸರದಿಯ ಮೇಲೆ ನೀರು ಹೊರುತ್ತಾರೆ. ಈ ಬೆಳಿಗ್ಗೆ ಸರಳು ಕಾಯಿಸಿದ್ದು ಆ ಬುಟ್ಟಿಯ ಹೆಪ್ಪೇ.

ಹೊರಡುವಾಗ ಸುಲ್ತಾನ್ ಬೀ ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಬಿಳಿ ಸಿಪ್ಪೆ ಕಟ್ಟಿ ನನ್ನ ಕೈಗಿಡುತ್ತಾರೆ. ಮಂಡ್ಯದ ನಮ್ಮ ಮನೆಗೆ ಹೊಲವಿಲ್ಲ, ಹಿತ್ತಲಷ್ಟೇ ಎನ್ನುತ್ತೇನೆ.

"ಹಿತ್ಲೇ ಸಾಕು ಕಣಮ್ಮ. ನಂದು ಕೆಟ್ರೆ ನಿಮ್ಮನೆಗೂ ಬತ್ತೀನಿ."